ಎಂಡ್ಯೂರೆನ್ಸ್ ಹಡಗನ್ನು ಕಂಡುಹಿಡಿದ ಸೇಬರ್‌ಟೂತ್: ಹಿಮದಡಿಯ ಶೋಧಯಂತ್ರವೊಂದರ ವಿಮರ್ಶೆ

ಸಮುದ್ರದಾಳದಲ್ಲಿ ಕೆಲಸ ಮಾಡುವ ಯಂತ್ರಗಳನ್ನು ಅವುಗಳ ವಿವರಪಟ್ಟಿ ನೋಡಿ ಅಳೆಯುವ ಅಭ್ಯಾಸ ಹೆಚ್ಚು. ಎಷ್ಟು ಆಳಕ್ಕೆ ಇಳಿಯುತ್ತದೆ, ಒಮ್ಮೆ ಬ್ಯಾಟರಿ ತುಂಬಿಸಿದರೆ ಎಷ್ಟು ಹೊತ್ತು ನಡೆಯುತ್ತದೆ, ಎಷ್ಟು ವೇಗವಾಗಿ ಸಾಗುತ್ತದೆ ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತೀರ್ಮಾನಿಸಿಬಿಡುತ್ತಾರೆ. ತೆರೆದ ಸಾಗರದ ಮಟ್ಟಿಗೆ ಈ ಲೆಕ್ಕ ಬಹುಪಾಲು ಸರಿಯೇ. ಆದರೆ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಂತಹ, ಬೇಸಿಗೆಯಲ್ಲೂ ತೇಲುಹಿಮ ಕರಗದೆ ಉಳಿಯುವ ಜಾಗದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಬೇರೆ: ಕೆಳಗೆ ಹೋದ ಯಂತ್ರ ತಾನು ಕಂಡದ್ದನ್ನು ಮೇಲಿನವರಿಗೆ ತಿಳಿಸಿ, ಮತ್ತೆ ಹಡಗಿಗೆ ಮರಳುತ್ತದೆಯೇ? ಸ್ವೀಡನ್ನಿನ ಸಾಬ್ ಸಂಸ್ಥೆ ತಯಾರಿಸುವ ಸೇಬರ್‌ಟೂತ್ ಎಂಬ ಜಲಾಂತರ ವಾಹನವನ್ನು ನಾನು ಇಲ್ಲಿ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಪರಿಶೀಲಿಸುತ್ತಿದ್ದೇನೆ. ಅದಕ್ಕೆ ಆಧಾರ 2022ರ ಮಾರ್ಚ್‌ನಲ್ಲಿ ಅದು ಧ್ರುವಾನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ನರ ಎಂಡ್ಯೂರೆನ್ಸ್ ಹಡಗನ್ನು ಹುಡುಕಿಕೊಟ್ಟ ಕೆಲಸದ ಬಹಿರಂಗ ದಾಖಲೆ.

ಯಂತ್ರದ ಯೋಗ್ಯತೆ ತಿಳಿಯಬೇಕಾದರೆ ಅದಕ್ಕೆ ವಹಿಸಿದ ಕೆಲಸದ ಕಷ್ಟ ಮೊದಲು ತಿಳಿದಿರಬೇಕು. ಎಂಡ್ಯೂರೆನ್ಸ್ ನಾರ್ವೆಯ ಸಾಂಡೆಫ್ಯೋರ್ಡ್‌ನಲ್ಲಿ ಕಟ್ಟಿ 1912ರ ಡಿಸೆಂಬರ್‌ನಲ್ಲಿ ನೀರಿಗಿಳಿಸಿದ, ಸುಮಾರು 44 ಮೀಟರ್ ಉದ್ದದ ಮರದ ಹಡಗು. ಅಂಟಾರ್ಕ್ಟಿಕಾ ಖಂಡವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ನೆಲದ ಮೇಲೆ ದಾಟುವ ಉದ್ದೇಶದಿಂದ ಶ್ಯಾಕಲ್ಟನ್ 1914ರ ಡಿಸೆಂಬರ್ 5ರಂದು ದಕ್ಷಿಣ ಜಾರ್ಜಿಯಾ ದ್ವೀಪದಿಂದ ಹೊರಟರು. 1915ರ ಜನವರಿಯಲ್ಲಿ ಹಡಗು ಹಿಮದ ನಡುವೆ ಸಿಕ್ಕಿಬಿದ್ದು, ತಿಂಗಳುಗಟ್ಟಲೆ ಹಿಮದ ಜೊತೆಗೇ ತೇಲಿ, ಕೊನೆಗೆ ಅದರ ಒತ್ತಡಕ್ಕೆ ನುಜ್ಜುಗುಜ್ಜಾಯಿತು. ಅಕ್ಟೋಬರ್ 27ರಂದು 28 ಜನರೂ ಹಡಗು ತೊರೆದು ಹಿಮದ ಮೇಲೆ ಬಿಡಾರ ಹೂಡಿದರು. ನವೆಂಬರ್ 21ರಂದು ಹಡಗು ಮುಳುಗಿತು. ಅಷ್ಟೂ ಜನ ಮುಂದೆ ಬದುಕಿ ಬಂದ ಕಥೆ ಜಗತ್ತಿಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಹಡಗಿನ ನಾಯಕ ಫ್ರಾಂಕ್ ವರ್ಸ್ಲಿ ಮುಳುಗಿದ ಸ್ಥಳವನ್ನು ದಾಖಲಿಸಿಟ್ಟಿದ್ದರು: ದಕ್ಷಿಣ ಅಕ್ಷಾಂಶ 68 ಡಿಗ್ರಿ 39 ನಿಮಿಷ 30 ಸೆಕೆಂಡು, ಪಶ್ಚಿಮ ರೇಖಾಂಶ 52 ಡಿಗ್ರಿ 26 ನಿಮಿಷ 30 ಸೆಕೆಂಡು. ಈ ಅಂಕಿಗಳನ್ನು ಪಡೆದ ರೀತಿ ನೆನೆದರೆ ಇಂದಿಗೂ ಗೌರವ ಉಕ್ಕುತ್ತದೆ. ಕೈಯಲ್ಲಿದ್ದದ್ದು ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ ಒಂದು ಸೆಕ್ಸ್‌ಟಂಟ್, ಕ್ರೊನೊಮೀಟರ್ ಎಂಬ ಕೆಲವು ನಿಖರ ಗಡಿಯಾರಗಳು, ಗಣಿತದ ಕೋಷ್ಟಕಗಳು. ಹಡಗು ಮುಳುಗಿದ ಹೊತ್ತಿಗೆ ಸೂರ್ಯನನ್ನು ನೋಡಿ ಸ್ಥಾನ ಗುರುತಿಸಲು ಆಕಾಶ ತಿಳಿಯಾಗಿರಲಿಲ್ಲವಾದ್ದರಿಂದ, ನಂತರದ ವೀಕ್ಷಣೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ಅಷ್ಟರಲ್ಲಿ ಅವರು ನಿಂತಿದ್ದ ಹಿಮವೇ ಸರಿಯುತ್ತಿತ್ತು. ಗಡಿಯಾರಗಳು ಬಂದರು ಬಿಟ್ಟು ವರ್ಷವಾಗುತ್ತಾ ಬಂದಿತ್ತು. ಅವು ಎಷ್ಟು ತಪ್ಪು ತೋರಿಸುತ್ತಿವೆ ಎಂಬುದನ್ನು ತಿಳಿಯಲು ವರ್ಸ್ಲಿಯೂ ಭೌತವಿಜ್ಞಾನಿ ರೆಜಿನಾಲ್ಡ್ ಜೇಮ್ಸರೂ ಆ ಚಳಿಗಾಲದ ಕತ್ತಲೆಯಲ್ಲಿ ಚಂದ್ರನು ನಕ್ಷತ್ರಗಳನ್ನು ಮರೆಮಾಡುವ ಗಳಿಗೆಯನ್ನು ಕಾದು ಗುರುತು ಹಾಕಿಕೊಂಡಿದ್ದರು. ರೇಖಾಂಶದ ಲೆಕ್ಕ ಗಡಿಯಾರದ ಮೇಲೇ ನಿಂತಿರುವುದರಿಂದ ಸಮಯದಲ್ಲಾಗುವ ಸಣ್ಣ ತಪ್ಪೂ ಸ್ಥಾನವನ್ನು ಕಿಲೋಮೀಟರುಗಳಷ್ಟು ಪಕ್ಕಕ್ಕೆ ಸರಿಸಿಬಿಡುತ್ತದೆ. ಆದ್ದರಿಂದ ನೂರು ವರ್ಷಗಳ ಬಳಿಕ ಹುಡುಕುವವರು ಒಂದು ಚುಕ್ಕೆಯನ್ನಲ್ಲ, ಆ ಚುಕ್ಕೆಯ ಸುತ್ತಲಿನ ವಿಶಾಲ ಪ್ರದೇಶವನ್ನು ಜಾಲಾಡಬೇಕಿತ್ತು; ಅದೂ ಸುಮಾರು 3000 ಮೀಟರ್ ನೀರಿನ ತಳದಲ್ಲಿ, ಮೇಲೆ ಚಲಿಸುವ ಹಿಮ ಇರುವಾಗ.

2019ರಲ್ಲಿ ನಡೆದ ಮೊದಲ ಪ್ರಯತ್ನವನ್ನು ನೆನೆಯದೆ ಸೇಬರ್‌ಟೂತ್‌ನ ಬೆಲೆ ಅರ್ಥವಾಗುವುದಿಲ್ಲ. 2022ರಂತೆ ಆಗಲೂ ಬಳಸಿದ್ದು ದಕ್ಷಿಣ ಆಫ್ರಿಕಾದ ಧ್ರುವಸಂಶೋಧನಾ ಹಡಗು ಎಸ್‌.ಎ. ಅಗುಲ್ಹಾಸ್ 2. ಅಂದು ನೀರಿಗಿಳಿಸಿದ ಶೋಧವಾಹನ ನಾರ್ವೆಯಲ್ಲಿ ತಯಾರಾದ ಹ್ಯೂಗಿನ್ ಮಾದರಿಯದು. ವಿವರಪಟ್ಟಿಯ ಪ್ರಕಾರ ಅದು ಅತಿ ಶ್ರೇಷ್ಠ ಯಂತ್ರ: 6000 ಮೀಟರ್ ಆಳಕ್ಕೆ ಇಳಿಯಬಲ್ಲದು, ಯಾರ ಹಿಡಿತವೂ ಇಲ್ಲದೆ ತನಗೆ ಹಾಕಿಕೊಟ್ಟ ದಾರಿಯಲ್ಲಿ ಗಂಟೆಗಟ್ಟಲೆ ಸಾಗಿ ಸಮುದ್ರತಳದ ಚಿತ್ರಗಳನ್ನು ತನ್ನೊಳಗೇ ದಾಖಲಿಸಿಕೊಳ್ಳಬಲ್ಲದು. ಬೇರೆ ಸಮುದ್ರಗಳಲ್ಲಿ ಈ ಬಗೆಯ ವಾಹನಗಳು ಮಾಡಿರುವ ಕೆಲಸ ದೊಡ್ಡದು. ವೆಡೆಲ್ ಸಮುದ್ರದಲ್ಲಿ ಮಾತ್ರ ಶೋಧದ ಕೊನೆಯ ಘಟ್ಟದಲ್ಲಿ ಅದರೊಂದಿಗಿನ ಸಂಪರ್ಕ ಕಡಿದುಹೋಯಿತು. ಹಿಮ ಮುಚ್ಚಿಕೊಂಡು ಬರುತ್ತಿದ್ದುದರಿಂದ ಹಡಗು ಅಲ್ಲಿ ಹೆಚ್ಚು ಕಾಲ ನಿಂತು ಕಾಯುವಂತಿರಲಿಲ್ಲ. ವಾಹನ ಸಿಗಲಿಲ್ಲ, ಅದರ ಹೊಟ್ಟೆಯಲ್ಲಿದ್ದ ಚಿತ್ರಗಳೂ ಸಿಗಲಿಲ್ಲ. ಅದು ಎಂಡ್ಯೂರೆನ್ಸ್ ಮೇಲೆಯೇ ಹಾದುಹೋಗಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಮರ್ಶೆಯ ತಿರುಳು ಇರುವುದು ಇಲ್ಲಿ. ಯಂತ್ರ ಕಳೆದರೆ ಹಣ ಹೋಗುತ್ತದೆ, ನಿಜ. ಆದರೆ ಯಂತ್ರದ ಜೊತೆಗೆ ಅದು ಕಂಡದ್ದೆಲ್ಲವೂ ಹೋಗುವ ವ್ಯವಸ್ಥೆ ಹಿಮದಡಿಯ ಶೋಧಕ್ಕೆ ಒಗ್ಗುವುದಿಲ್ಲ.

ಸೇಬರ್‌ಟೂತ್ ಎರಡು ಬಗೆಯ ವಾಹನಗಳ ಗುಣಗಳನ್ನು ಒಂದರಲ್ಲೇ ಕೂಡಿಸಿಕೊಂಡಿದೆ. ಬ್ಯಾಟರಿಯ ಬಲದಿಂದ ತಾನೇ ಈಜಿಕೊಂಡು ದೂರ ಹೋಗಬಲ್ಲದು. ಹಾಗೆಯೇ ಮೇಲೆ ಕುಳಿತ ಚಾಲಕನ ಕೈಯಳತೆಯಲ್ಲಿ, ಅವನ ಆಜ್ಞೆಯಂತೆ ನಿಲ್ಲಲೂ ತಿರುಗಲೂ ಬಲ್ಲದು. 2022ರ ಶೋಧದಲ್ಲಿ ಅದನ್ನು ತೆಳುವಾದ ಆಪ್ಟಿಕಲ್ ಫೈಬರ್ ಕೇಬಲ್ ಒಂದರಿಂದ ಹಡಗಿಗೆ ಜೋಡಿಸಲಾಗಿತ್ತು. ಈ ಕೇಬಲ್ ವಾಹನಕ್ಕೆ ವಿದ್ಯುತ್ ಒದಗಿಸುವುದಿಲ್ಲ, ಅದು ಸಾಗಿಸುವುದು ಮಾಹಿತಿಯನ್ನು ಮಾತ್ರ. ಹಾಗಾಗಿಯೇ ಅದು ಇಷ್ಟು ತೆಳುವಾಗಿರಲು ಸಾಧ್ಯ. ನೀರಿನೊಳಗೆ ರೇಡಿಯೊ ತರಂಗಗಳು ದೂರ ಸಾಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಇದರ ಮಹತ್ವ ತಿಳಿಯುತ್ತದೆ. ಕೇಬಲ್ ಇಲ್ಲದ ವಾಹನಕ್ಕೆ ಶಬ್ದವೊಂದೇ ಗತಿ; ಶಬ್ದ ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುವುದರಿಂದ 3000 ಮೀಟರ್ ಆಳಕ್ಕೆ ಕಳಿಸಿದ ಪ್ರಶ್ನೆಗೆ ಉತ್ತರ ಬರಲು ನಾಲ್ಕು ಸೆಕೆಂಡು ಬೇಕು, ಮತ್ತು ಆ ದಾರಿಯಲ್ಲಿ ಚಿಕ್ಕಪುಟ್ಟ ಸಂದೇಶಗಳನ್ನಷ್ಟೇ ಕಳಿಸಬಹುದು, ಪೂರ್ಣ ಚಿತ್ರಗಳನ್ನಲ್ಲ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಸಿ ತಡಕುವವನಿಗೆ ಕೈಯಲ್ಲಿರುವ ಹಗ್ಗದ ಮೂಲಕವೇ ತಳದ ಸುದ್ದಿ ತಿಳಿಯುವಂತೆ, ಇಲ್ಲಿ ಕೇಬಲ್‌ನ ಮೂಲಕ ಸೋನಾರ್ ಚಿತ್ರಗಳು ಮೂಡುತ್ತಿದ್ದಂತೆಯೇ ಹಡಗಿನ ಪರದೆಗೆ ಬರುತ್ತಿದ್ದವು. ಅಕಸ್ಮಾತ್ ವಾಹನ ಕಳೆದುಹೋಗಿದ್ದರೂ ಆ ಕ್ಷಣದವರೆಗಿನ ಶೋಧ ವ್ಯರ್ಥವಾಗುತ್ತಿರಲಿಲ್ಲ.

ಶೋಧದ ಹಂತದಲ್ಲಿ ಅದರ ಕಣ್ಣು ಎಂದರೆ ಸೋನಾರ್. ವಾಹನ ತಳಕ್ಕಿಂತ ಸ್ವಲ್ಪ ಮೇಲೆ ನೇರ ಸಾಲುಗಳಲ್ಲಿ ಹೋಗುತ್ತಾ ಎಡಕ್ಕೂ ಬಲಕ್ಕೂ ಶಬ್ದದ ಮಿಡಿತಗಳನ್ನು ಬಿಡುತ್ತದೆ. ಗಟ್ಟಿ ವಸ್ತುವಿಗೆ ತಾಗಿದ ಶಬ್ದ ಜೋರಾಗಿ ಮರಳುತ್ತದೆ, ಆ ವಸ್ತುವಿನ ಹಿಂದೆ ಶಬ್ದ ತಲುಪದ ಜಾಗ ಚಿತ್ರದಲ್ಲಿ ನೆರಳಾಗಿ ಕಾಣುತ್ತದೆ. ಅನುಭವಿಗಳು ವಸ್ತುವನ್ನು ಗುರುತಿಸುವುದು ಹೆಚ್ಚಾಗಿ ಈ ನೆರಳಿನ ಉದ್ದ ಮತ್ತು ಆಕಾರದಿಂದ. ಬೆಳಕಿಲ್ಲದ ಆ ಆಳದಲ್ಲಿ ದೀಪ ಹಾಕಿದರೂ ಕ್ಯಾಮೆರಾ ಕೆಲವು ಮೀಟರ್ ದೂರವನ್ನಷ್ಟೇ ನೋಡಬಲ್ಲುದಾದ್ದರಿಂದ, ಮೊದಲು ಶಬ್ದದಿಂದ ಹುಡುಕಿ ಆಮೇಲೆ ಬೆಳಕಿನಿಂದ ಖಚಿತಪಡಿಸಿಕೊಳ್ಳುವ ಕ್ರಮವೊಂದೇ ದಾರಿ. ಸಾಮಾನ್ಯವಾಗಿ ಇವೆರಡಕ್ಕೂ ಬೇರೆ ಬೇರೆ ವಾಹನಗಳು ಬೇಕಾಗುತ್ತವೆ. ಸೇಬರ್‌ಟೂತ್‌ನಲ್ಲಿ ಅದೇ ವಾಹನದ ಉಪಕರಣಗಳನ್ನು ಬದಲಿಸಿ ಎರಡೂ ಕೆಲಸ ಮಾಡಿಸಬಹುದು, ಮತ್ತು ಹಿಮ ಯಾವಾಗ ದಾರಿ ಮುಚ್ಚುತ್ತದೋ ಎಂಬ ಆತಂಕದಲ್ಲಿರುವವರಿಗೆ ಇದು ದೊಡ್ಡ ಅನುಕೂಲ.

ಫಾಕ್‌ಲ್ಯಾಂಡ್ಸ್ ಮ್ಯಾರಿಟೈಮ್ ಹೆರಿಟೇಜ್ ಟ್ರಸ್ಟ್ ಏರ್ಪಡಿಸಿದ್ದ ಈ ಯಾನ 2022ರ ಫೆಬ್ರವರಿ 5ರಂದು ಕೇಪ್‌ಟೌನ್‌ನಿಂದ ಹೊರಟಿತು. ನಾಯಕತ್ವ ಜಾನ್ ಶಿಯರ್ಸ್ ಅವರದು, ಶೋಧದ ನಿರ್ದೇಶನ ಸಮುದ್ರ ಪುರಾತತ್ತ್ವಜ್ಞ ಮೆನ್ಸನ್ ಬೌಂಡ್ ಅವರದು, ಜಲಾಂತರ ಕಾರ್ಯಾಚರಣೆಯ ಹೊಣೆ ನಿಕೊ ವಿನ್ಸೆಂಟ್ ಅವರದು. ಹಡಗಿನ ಕ್ಯಾಪ್ಟನ್ ನಾಲೆಜ್ ಬೆಂಗು. ಹಿಮ ಯಾವ ದಿಕ್ಕಿಗೆ ಎಷ್ಟು ಸರಿಯಲಿದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಮುಂಚಿತವಾಗಿ ಅಂದಾಜಿಸಲು ಲಾಸ್ಸೆ ರಾಬೆನ್‌ಸ್ಟೈನ್ ಅವರ ತಂಡ ಹಡಗಿನಲ್ಲೇ ಇತ್ತು. ಈ ಹೆಸರುಗಳನ್ನು ಯಂತ್ರದ ವಿಮರ್ಶೆಯಲ್ಲಿ ತರುವುದಕ್ಕೆ ಕಾರಣವಿದೆ. ಕೇಬಲ್ ಕಟ್ಟಿದ ವಾಹನವನ್ನು ಕೆಳಗಿಳಿಸಿದ ಮೇಲೆ ಹಡಗು ತನ್ನಿಷ್ಟದಂತೆ ಓಡಾಡುವಂತಿಲ್ಲ. ಅದು ಹಿಮದೊಂದಿಗೇ ತೇಲಬೇಕು, ಆ ತೇಲುವಿಕೆ ಶೋಧಪ್ರದೇಶದ ಕಡೆಗೇ ಇರುವಂತೆ ಮೊದಲೇ ಜಾಗ ಆರಿಸಿಕೊಂಡಿರಬೇಕು, ಹಿಂಭಾಗದಲ್ಲಿ ವಾಹನ ಇಳಿಯುವ ಮತ್ತು ಏರುವ ನೀರಿನ ಕಂಡಿ ಮುಚ್ಚದಂತೆ ಕಾಯಬೇಕು. ಸೇಬರ್‌ಟೂತ್ ಕೊಳ್ಳುವವರು ಇದನ್ನು ಚೆನ್ನಾಗಿ ತಿಳಿದಿರಬೇಕು: ಹಿಮದಲ್ಲಿ ಇದು ಒಂಟಿಯಾಗಿ ಕೆಲಸಕ್ಕೆ ಬರುವ ಯಂತ್ರವಲ್ಲ. ಗಟ್ಟಿ ಹಿಮಭಂಜಕ ಹಡಗು, ಹಿಮದ ಚಲನೆ ಬಲ್ಲ ತಜ್ಞರು, ಕೊರೆಯುವ ಚಳಿಯಲ್ಲಿ ಡೆಕ್ಕಿನ ಮೇಲೆ ನಿಂತು ಅದನ್ನು ಎತ್ತಿ ಇಳಿಸುವ ಪಳಗಿದ ಕೈಗಳು, ಇವೆಲ್ಲ ಇದ್ದಾಗ ಮಾತ್ರ ಅದರ ಗುಣ ಹೊರಬರುತ್ತದೆ. ಹಡಗು ಮುಂದೆ ಹೋಗಲಾಗದಿದ್ದರೆ ಹೆಲಿಕಾಪ್ಟರ್‌ಗಳಲ್ಲಿ ಸಾಮಗ್ರಿ ಸಾಗಿಸಿ ಹಿಮದ ಹಾಸಿನ ಮೇಲೆಯೇ ಶಿಬಿರ ಹೂಡಿ, ಅಲ್ಲಿಂದ ವಾಹನವನ್ನು ಇಳಿಸುವ ಪರ್ಯಾಯ ಯೋಜನೆಯನ್ನೂ ತಂಡ ಸಿದ್ಧವಾಗಿಟ್ಟುಕೊಂಡಿತ್ತು. ಅದರ ಅಗತ್ಯ ಬೀಳಲಿಲ್ಲ.

ಎಂಡ್ಯೂರೆನ್ಸ್ ಸಿಕ್ಕಿದ್ದು ಮಾರ್ಚ್ 5ರಂದು. 1922ರಲ್ಲಿ ದಕ್ಷಿಣ ಜಾರ್ಜಿಯಾದಲ್ಲಿ ಶ್ಯಾಕಲ್ಟನ್ನರನ್ನು ಮಣ್ಣುಮಾಡಿ ಅಂದಿಗೆ ಸರಿಯಾಗಿ ನೂರು ವರ್ಷವಾಗಿತ್ತು. ಆ ಹೊತ್ತಿನಲ್ಲಿ ಬೌಂಡ್ ಮತ್ತು ಶಿಯರ್ಸ್ ಇಬ್ಬರೂ ಶೋಧದ ಹಡಗಿನಲ್ಲಿರಲಿಲ್ಲ. ಹಿಮದ ಮೇಲೆ ನಡೆದುಕೊಂಡು ಒಂದು ಹಿಮಬಂಡೆಯ ಕಡೆಗೆ ಹೋಗಿದ್ದರು. ಅವರು ಮರಳಿ ಬಂದಾಗ ವಿನ್ಸೆಂಟ್ ಸೋನಾರ್ ಚಿತ್ರವನ್ನು ಮುಂದೆ ಹಿಡಿದರು. ಆಳ 3008 ಮೀಟರ್. ವರ್ಸ್ಲಿ ಬರೆದಿಟ್ಟ ಸ್ಥಾನದಿಂದ ದಕ್ಷಿಣಕ್ಕೆ ಸುಮಾರು 4 ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿಲೋಮೀಟರಿಗಿಂತ ತುಸು ಕಡಿಮೆ. ಮೇಲಿನ ಯಂತ್ರಗಳನ್ನೆಲ್ಲ ಎಷ್ಟೇ ಹೊಗಳಿದರೂ, ಹಿಮದ ಮೇಲೆ ಹಸಿವು ಚಳಿಗಳ ನಡುವೆ ನಿಂತು ಹಾಕಿದ ಆ ಲೆಕ್ಕ ಇಲ್ಲದಿದ್ದರೆ ಯಾವ ವಾಹನವೂ ಅಲ್ಲಿಗೆ ತಲುಪುತ್ತಿರಲಿಲ್ಲ. ಯಶಸ್ಸಿನ ಪಾಲು ಹಂಚುವುದಾದರೆ ಅರ್ಧ ಪಾಲನ್ನು ನಾನು ವರ್ಸ್ಲಿಯವರಿಗೇ ಕೊಡುತ್ತೇನೆ.

ಉಳಿದರ್ಧದಲ್ಲಿ ಸೇಬರ್‌ಟೂತ್ ತನ್ನ ಪಾಲನ್ನು ಹೆಚ್ಚಾಗಿ ಗಳಿಸಿದ್ದು ಹಡಗು ಸಿಕ್ಕ ಮೇಲೆ ಮಾಡಿದ ಕೆಲಸದಿಂದ ಎಂದು ನನ್ನ ಅಭಿಪ್ರಾಯ. ಎಂಡ್ಯೂರೆನ್ಸ್ ಅಂಟಾರ್ಕ್ಟಿಕ್ ಒಪ್ಪಂದದಡಿ ರಕ್ಷಿತವಾದ ಚಾರಿತ್ರಿಕ ಸ್ಮಾರಕ. ಅದನ್ನು ಮುಟ್ಟುವಂತಿಲ್ಲ, ಅಲ್ಲಿಂದ ಒಂದು ಮೊಳೆಯನ್ನೂ ತರುವಂತಿಲ್ಲ. ನೋಡಬಹುದು, ಅಳೆಯಬಹುದು, ಚಿತ್ರ ತೆಗೆಯಬಹುದು, ಅಷ್ಟೇ. ಮುನ್ನುಗ್ಗುತ್ತಲೇ ಇರಬೇಕಾದ ವಾಹನದಿಂದ ಇಂತಹ ಕೆಲಸ ಆಗದು. ಸೇಬರ್‌ಟೂತ್ ನೀರನ್ನು ಹಲವು ದಿಕ್ಕಿಗೆ ತಳ್ಳುವ ತನ್ನ ನೋದಕಗಳ ಬಲದಿಂದ ನೀರಿನಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಅಡ್ಡಕ್ಕೆ ಸರಿಯಬಲ್ಲದು, ಮೂತಿಯನ್ನು ಮೇಲೆ ಕೆಳಗೆ ವಾಲಿಸಬಲ್ಲದು. ಮುರಿದುಬಿದ್ದ ಕೂವೆಮರಗಳೂ ಹಗ್ಗಗಳೂ ಹರಡಿಕೊಂಡಿರುವ ಜಾಗದಲ್ಲಿ, 300 ವಾತಾವರಣದಷ್ಟು ಒತ್ತಡದ ನಡುವೆ, ಹಡಗಿನ ಸುತ್ತ ಸಾಲುಸಾಲಾಗಿ ಸುತ್ತಿ ಅದು ತೆಗೆದ ಚಿತ್ರಗಳ ಸಂಖ್ಯೆ ಸುಮಾರು 25,000. ಅವನ್ನೆಲ್ಲ ಹೊಂದಿಸಿ ಕಟ್ಟಿದ ಮೂರು ಆಯಾಮದ ಪ್ರತಿರೂಪವನ್ನು 2024ರಲ್ಲಿ ಸಾರ್ವಜನಿಕರ ಮುಂದಿಡಲಾಯಿತು.

ಆ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು. ಹಡಗಿನ ಹಿಂಭಾಗದಲ್ಲಿ ಕಮಾನಿನಂತೆ ಬಾಗಿದ ಸಾಲಿನಲ್ಲಿ ಹೆಸರಿನ ಅಕ್ಷರಗಳು ಒಂದೊಂದಾಗಿ ಓದಲು ಬರುವಷ್ಟು ಸ್ಪಷ್ಟವಾಗಿವೆ. ಅದರ ಕೆಳಗೆ ಐದು ಮೂಲೆಯ ನಕ್ಷತ್ರ. ಶ್ಯಾಕಲ್ಟನ್ ಕೊಳ್ಳುವ ಮುನ್ನ ಹಡಗಿಗಿದ್ದ ಪೊಲಾರಿಸ್, ಅಂದರೆ ಧ್ರುವನಕ್ಷತ್ರ, ಎಂಬ ಹೆಸರಿನ ಗುರುತು ಅದು. ಚುಕ್ಕಾಣಿಯ ಚಕ್ರ ನಿಂತಲ್ಲೇ ನಿಂತಿದೆ. ಡೆಕ್ಕಿನ ಮೇಲೆ ಊಟದ ತಟ್ಟೆಗಳು, ಒಂದು ಬೂಟು, ಒಂದು ಸಂಕೇತ ಪಿಸ್ತೂಲು. ಈ ಪಿಸ್ತೂಲಿನಿಂದಲೇ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಹಡಗಿಗೆ ವಿದಾಯ ಹೇಳಿ ಗುಂಡು ಹಾರಿಸಿದ್ದನ್ನು ಅಂದಿನ ದಿನಚರಿಗಳು ಹೇಳುತ್ತವೆ. ಹಾರಿಸಿ ಅಲ್ಲೇ ಬಿಟ್ಟುಹೋದ ವಸ್ತುವನ್ನು ಬಿಟ್ಟ ಜಾಗದಲ್ಲೇ ಕಾಣುವಾಗ ಮೈ ಜುಮ್ಮೆನ್ನುತ್ತದೆ. ಮರವನ್ನು ಕೊರೆದು ತಿನ್ನುವ ಹಡಗುಹುಳು ಅಂಟಾರ್ಕ್ಟಿಕಾದ ತಣ್ಣನೆಯ ನೀರಿನಲ್ಲಿ ಬದುಕುವುದಿಲ್ಲವಾದ್ದರಿಂದ ಹಲಗೆಗಳು ಹಲಗೆಗಳಾಗಿಯೇ ಉಳಿದಿವೆ. ಅವುಗಳ ಮೇಲೆ ಸಮುದ್ರಹೂಗಳು, ಸ್ಪಂಜುಗಳು, ನಕ್ಷತ್ರಮೀನಿನ ಬಳಗದ ಜೀವಿಗಳು ನೆಲೆಸಿವೆ. ಒಂದು ಯಂತ್ರ ಏನನ್ನೂ ಕದಲಿಸದೆ ಇಷ್ಟನ್ನು ತಂದುಕೊಟ್ಟಿದೆ ಎಂದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಇಂತಹ ಚಿತ್ರಗಳಿಂದ ಅಂದಿನ ಘಟನೆಗಳ ಬಗೆಗಿನ ತಿಳಿವಳಿಕೆಯೂ ಹರಿತವಾಗುತ್ತದೆ. ಅದೇ ಯಾನದಲ್ಲಿದ್ದ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಯುಕ್ಕಾ ತುಹ್ಕುರಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಡ್ಯೂರೆನ್ಸ್ ತನ್ನ ಕಾಲದ ಅತ್ಯಂತ ಬಲಿಷ್ಠ ಧ್ರುವನೌಕೆ ಎಂಬ ಪ್ರತೀತಿ ನಿಲ್ಲುವುದಿಲ್ಲವೆಂದೂ, ಹಿಮದ ಒತ್ತಡವನ್ನು ತಡೆಯಲು ಬೇಕಾದ ಓರೆ ತೊಲೆಗಳು ಅದರ ಒಡಲಿನಲ್ಲಿರಲಿಲ್ಲವೆಂದೂ ತೋರಿಸಿದ್ದಾರೆ.

ಕೊರತೆಗಳನ್ನು ಮರೆಮಾಚುವುದು ಸರಿಯಲ್ಲ. ಕೇಬಲ್ ಯಂತ್ರಕ್ಕೆ ಬಲವೂ ಹೌದು, ಬಂಧನವೂ ಹೌದು. ಅದರ ಉದ್ದ ಮೀರಿ ವಾಹನ ಹೋಗಲಾರದು. ಹಡಗಿನ ಬಳಿ ಉಜ್ಜಾಡುವ ಹಿಮದ ಅಂಚಿಗೆ ಸಿಕ್ಕರೆ ತುಂಡಾಗಬಹುದು. ಮಡಚಿದರೆ ಒಳಗಿನ ಗಾಜಿನ ಎಳೆ ಮುರಿಯುತ್ತದೆ. ವಿಶಾಲವಾದ ಸಾಗರತಳವನ್ನು ವೇಗವಾಗಿ ಜಾಲಾಡುವ ಕೆಲಸಕ್ಕೆ ಸ್ವತಂತ್ರವಾಗಿ ಸಾಗುವ ವಾಹನಗಳೇ ಇಂದಿಗೂ ಉತ್ತಮ. ಹುಡುಕಬೇಕಾದ ಜಾಗದ ಅಂದಾಜೇ ಇಲ್ಲದವರು ಸೇಬರ್‌ಟೂತ್ ಇಟ್ಟುಕೊಂಡು ಹೊರಟರೆ ಕಾಲವೂ ಹಣವೂ ಸಾಲದು. ಇನ್ನೊಂದು ವಿಷಯ, ಇಂತಹ ಯಾನ ಬಡ ಸಂಸ್ಥೆಗಳ ಕೈಗೆಟಕುವಂಥದ್ದಲ್ಲ. 2022ರ ಯಾನಕ್ಕೆ 1 ಕೋಟಿ ಡಾಲರಿಗೂ ಮೀರಿದ ವೆಚ್ಚವನ್ನು ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರು ಭರಿಸಿದರು.

ಎಲ್ಲ ಧ್ರುವನೌಕೆಗಳಿಗೂ ಇಂಥ ಯಂತ್ರ ಬೇಕೆಂದೂ ಇಲ್ಲ. 1845ರಲ್ಲಿ 129 ಜನರೊಂದಿಗೆ ಕಣ್ಮರೆಯಾದ ಜಾನ್ ಫ್ರಾಂಕ್ಲಿನ್ನರ ಯಾನದ ಹಡಗುಗಳನ್ನು ನೋಡಿ. ಎರೆಬಸ್ 2014ರಲ್ಲಿ ಕೆನಡಾದ ಆರ್ಕ್ಟಿಕ್ ತೀರದಲ್ಲಿ ಕೇವಲ 11 ಮೀಟರ್ ಆಳದಲ್ಲಿ ಸಿಕ್ಕಿತು. ಟೆರರ್ 2016ರಲ್ಲಿ ಸಿಕ್ಕಿದ್ದು, ಹಿಂದೊಮ್ಮೆ ಹಿಮದಿಂದ ಮೇಲೆ ಚಾಚಿಕೊಂಡಿದ್ದ ಮರದ ಕಂಬವನ್ನು ಕಂಡಿದ್ದ ಇನ್ಯುಯಿಟ್ ಬೇಟೆಗಾರ ಸ್ಯಾಮಿ ಕೊಗ್ವಿಕ್ ದಾರಿ ತೋರಿದ್ದರಿಂದ. ಅಲ್ಲಿ ಕೊರತೆಯಾಗಿದ್ದದ್ದು ಸ್ಥಳೀಯರ ಮಾತಿಗೆ ಕಿವಿಗೊಡುವ ಮನಸ್ಸು, ಯಂತ್ರವಲ್ಲ. ಶ್ಯಾಕಲ್ಟನ್ ಕೊನೆಯುಸಿರೆಳೆದ ಕ್ವೆಸ್ಟ್ ಹಡಗು 2024ರಲ್ಲಿ ಲ್ಯಾಬ್ರಡಾರ್ ತೀರದಾಚೆ ಸುಮಾರು 390 ಮೀಟರ್ ಆಳದಲ್ಲಿ, ಹಳೆಯ ದಾಖಲೆಗಳ ಕೂಲಂಕಷ ಅಧ್ಯಯನ ಮತ್ತು ಸೋನಾರ್‌ನ ನೆರವಿನಿಂದ ಪತ್ತೆಯಾಯಿತು.

ಹಾಗಾದರೆ ಸೇಬರ್‌ಟೂತ್ ಯಾರಿಗೆ? ಹುಡುಕುವ ಜಾಗ ಹಳೆಯ ದಾಖಲೆಗಳಿಂದ ಕೆಲವು ಮೈಲಿಗಳ ಮಟ್ಟಿಗೆ ಗೊತ್ತಿದ್ದು, ನೀರು ಆಳವಾಗಿದ್ದು, ಮೇಲೆ ಹಿಮವಿದ್ದು, ಸಿಕ್ಕ ವಸ್ತುವನ್ನು ಮುಟ್ಟದೆ ದಾಖಲಿಸಬೇಕಾದ ತಂಡಕ್ಕೆ ನಾನು ಇದನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಹೊರಡುವ ಮುನ್ನ ಒಂದರ ಬದಲು ಎರಡು ವಾಹನಗಳನ್ನೂ ಬೇಕಾದಷ್ಟು ಬದಲಿ ಕೇಬಲನ್ನೂ ಹಡಗಿಗೆ ಹೇರಿಕೊಳ್ಳಲಿ. ಎಂಡ್ಯೂರೆನ್ಸ್ ಸುತ್ತಲಿನ ರಕ್ಷಿತ ವಲಯದ ವ್ಯಾಪ್ತಿಯನ್ನು 500 ಮೀಟರ್‌ನಿಂದ 1500 ಮೀಟರ್‌ಗೆ ಹೆಚ್ಚಿಸಲಾಗಿದೆ. ಹಡಗಿನ ಸುತ್ತ ಚೆಲ್ಲಿರುವ ವಸ್ತುಗಳೂ ಇದರಿಂದ ರಕ್ಷಣೆಗೆ ಒಳಪಡುತ್ತವೆ. ಮರ ಮತ್ತು ಕಬ್ಬಿಣ ಎಷ್ಟು ವೇಗವಾಗಿ ಕ್ಷೀಣಿಸುತ್ತಿವೆ ಎಂಬುದನ್ನು ತಿಳಿಯಲು ಮುಂದೊಮ್ಮೆ ಅಲ್ಲಿಗೆ ಮತ್ತೆ ಇಳಿಯುವುದಾದರೆ, ಇದೇ ಬಗೆಯ ವಾಹನವನ್ನು ಇದೇ ಸಾಲುಗಳಲ್ಲಿ ನಡೆಸಿ, 2022ರ ಚಿತ್ರಗಳ ಪಕ್ಕಕ್ಕಿಟ್ಟು ಹೋಲಿಸಬಹುದಾದಂತಹ ಚಿತ್ರಗಳನ್ನು ತರಬೇಕು.